ಪುಟ್ಟ ಟೆರಿಯರ್, ಬಿರುಬಿಸಿಲ ಸೀಮೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಣ್ಣ ಗಾತ್ರದ ಟೆರಿಯರ್ ನಾಯಿ ಸಾಕಿರುವವರು, ಸಾಕಬೇಕೆಂದಿರುವವರು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಪ್ರಶ್ನೆ ಕಳಿಸಿದ್ದಾರೆ. ಹೆಚ್ಚು ಜನರಿಗೆ ಉಪಯೋಗವಾಗುವಂಥವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಜಾಕ್ ರಸೆಲ್‌ಗೆ ಹನ್ನೊಂದು ತಿಂಗಳು. ಅಂಗಳದಾಗ ಹಚ್ಚಿದ ಮಲ್ಲಿಗಿ ಬಳ್ಳಿ ಬೇರುಸಮೇತ ಕಿತ್ತು ಒಗದದ. ಗೇಟಿನ ಬುಡಕ ದಿನಾ ತಗ್ಗು ತೋಡತದ. ಬೈದರೂ ಕೇಳಂಗಿಲ್ಲ. ಆರು ಕಿಲೋದ ನಾಯಿಗೆ ಇಷ್ಟು ಹಟ ಯಾಕ? — ಒಬ್ಬ ಓದುಗರು, ಸೇಡಂ

ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಪಾದ್ರಿಯಾಗಿದ್ದ ಜಾನ್ ರಸೆಲ್ (1795–1883) ನರಿಬೇಟೆಗೆಂದು ಬೆಳೆಸಿದ ನಾಯಿಗಳ ವಂಶ ಇದು. ನರಿ ಬಿಲ ಹೊಕ್ಕರೆ ಈ ಪುಟ್ಟ ನಾಯಿ ಹಿಂದೆಯೇ ನುಗ್ಗಿ, ಮಣ್ಣು ಕೆದರಿ, ಬೊಗಳಿ ಬೊಗಳಿ ಅದನ್ನು ಹೊರಗೆಬ್ಬಿಸಬೇಕಿತ್ತು. ಅದಕ್ಕೇ ಅದರ ಎದೆಗೂಡು ನಮ್ಮ ಎರಡು ಅಂಗೈ ಸುತ್ತು ಹಿಡಿಯುವಷ್ಟು ಚಿಕ್ಕದು. ನೆಲದೊಳಗೆ ಹೋದ ಮೇಲೆ ಯಜಮಾನ ಕಾಣುವುದಿಲ್ಲ, ಅವನ ಮಾತೂ ಕೇಳುವುದಿಲ್ಲ; ಮುಂದೇನು ಎಂಬುದನ್ನು ನಾಯಿಯೇ ತೀರ್ಮಾನಿಸಬೇಕು. ಅಂಥ ಗುಣದ ನಾಯಿಗಳನ್ನೇ ತಲೆಮಾರುಗಟ್ಟಲೆ ಆರಿಸಿ ಮರಿ ಮಾಡಿಸಿದ್ದಾರೆ. ಹೀಗಾಗಿ ಬೈಗುಳದಿಂದ ಅಗೆಯುವ ಚಟ ಹೋಗದು. ಅದರಲ್ಲೂ ತಗ್ಗು ತೋಡಿ ಅರ್ಧ ತಾಸಾದ ಮೇಲೆ ಬೈದರೆ, ಯಾವುದಕ್ಕೆ ಬೈಯುತ್ತಿದ್ದೀರಿ ಎಂಬುದೇ ಅದಕ್ಕೆ ತಿಳಿಯುವುದಿಲ್ಲ.

ಅಗೆಯುವುದನ್ನು ನಿಲ್ಲಿಸಲು ಹೋಗಬೇಡಿ, ಅಗೆಯಲು ಜಾಗ ಕೊಡಿ. ಅಂಗಳದ ನೆರಳಿರುವ ಮೂಲೆಯಲ್ಲಿ ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದ, ಮೊಣಕೈ ಆಳದ ಗುಂಡಿ ಮಾಡಿ ಮರಳು ತುಂಬಿ. ಎರಿ ಮಣ್ಣು ಬೇಡ. ಹಸಿಯಾದರೆ ಅಂಟುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಮೊದಲ ವಾರ ನಾಯಿಯ ಕಣ್ಣೆದುರೇ ನಾಲ್ಕಾರು ತಿನಿಸಿನ ತುಂಡುಗಳನ್ನು ಎರಡು ಬೆರಳು ಆಳದಲ್ಲಿ ಹೂಳಿ, "ಹುಡುಕು" ಎಂದು ಬಿಡಿ. ಎರಡನೇ ವಾರದಿಂದ ಆಳ ಹೆಚ್ಚಿಸಿ; ಹೂಳುವುದನ್ನು ಅದು ನೋಡಬಾರದು. ಬೇರೆ ಕಡೆ ಕೆದರಲು ಶುರುಮಾಡಿದ ಕ್ಷಣವೇ ಕರೆದು ಮರಳಿನ ಹತ್ತಿರ ಒಯ್ಯಿರಿ. ಗುಂಡಿಯಲ್ಲಿ ಏನೂ ಸಿಗದ ದಿನ ಅದು ಮತ್ತೆ ಮಲ್ಲಿಗೆಯ ಬುಡಕ್ಕೇ ಹೋಗುತ್ತದೆ. ಹಾಗಾಗಿ ದಿನಾ ಒಂದಾದರೂ ತುಂಡು ಅದರಲ್ಲಿರಲಿ. ರಾತ್ರಿ ಹಲಗೆ ಮುಚ್ಚಿ, ಇಲ್ಲದಿದ್ದರೆ ಬೆಕ್ಕುಗಳು ಅದನ್ನು ಪಾಯಿಖಾನೆ ಮಾಡಿಕೊಳ್ಳುತ್ತವೆ.

ಗೇಟಿನ ಬುಡಕ್ಕೆ ತಂತಿಜಾಲಿಯೇ ಪರಿಹಾರ. ಜಾಲಿಯನ್ನು ಮಡಚಿ, ಒಂದು ಮಗ್ಗುಲು ಗೇಟಿನ ಪಕ್ಕದ ಗೋಡೆಗೂ ಬೇಲಿಗೂ ಹತ್ತಿಕೊಂಡಿರಲಿ, ಇನ್ನೊಂದು ಮಗ್ಗುಲು ಅಂಗಳದ ಕಡೆಗೆ ಒಂದೂವರೆ ಅಡಿ ನೆಲದೊಳಗೆ ಅಡ್ಡಕ್ಕೆ ಚಾಚಿರಲಿ. ನಾಯಿ ಬೇಲಿಯ ಬುಡದಲ್ಲೇ ಕೆದರುತ್ತದೆ, ಹಿಂದೆ ಸರಿದು ಕೆದರುವ ಯೋಚನೆ ಅದಕ್ಕೆ ಬರುವುದಿಲ್ಲ. ಗೇಟಿನಡಿ ಶಹಾಬಾದ್ ಕಲ್ಲು ಹಾಸಿದರೂ ಆದೀತು. ಗೇಟಿನ ಸರಳುಗಳ ನಡುವಿನ ಸಂದನ್ನೂ ನೋಡಿಕೊಳ್ಳಿ, ತಲೆ ಹೋದ ಕಡೆ ಮೈಯೂ ಹೋಗುತ್ತದೆ.

ಇದರ ಜೊತೆಗೆ ಬೆಳಿಗ್ಗೆ, ಸಂಜೆ ಮೂವತ್ತು ನಲವತ್ತು ನಿಮಿಷ ಹೊರಗೆ ಮೂಸುತ್ತ ಅಡ್ಡಾಡಲು ಬಿಡಬೇಕು. ಆದರೆ ಹೊಲದಲ್ಲಿ ಹಗ್ಗ ಬಿಚ್ಚಿ ಬಿಡಬೇಡಿ. ಹೆಗ್ಗಣದ ಬಿಲ ಕಂಡರೆ ತಲೆ ತೂರಿಸುತ್ತದೆ, ಸಿಕ್ಕಿಕೊಂಡರೆ ಹಿಂದೆ ಬರಲಾಗುವುದಿಲ್ಲ. ಎಂಟು ಹತ್ತು ಮೀಟರಿನ ಹಗ್ಗ ಎದೆಪಟ್ಟಿಗೆ ಕಟ್ಟಿದರೆ ಅದಕ್ಕೆ ಓಡಾಟವೂ ಆಯಿತು, ನಿಮ್ಮ ಹಿಡಿತವೂ ಉಳಿಯಿತು. ಟೆರಿಯರ್ ಹಾವಿಗೂ ಹೆದರಿ ಹಿಂದೆ ಸರಿಯದು. ಮೂತಿಗೋ ಮುಂಗಾಲಿಗೋ ಕಚ್ಚಿಸಿಕೊಳ್ಳುತ್ತದೆ. ಕಚ್ಚಿದ ಜಾಗ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಎರಡೂ ತಪ್ಪು. ನಡೆಸದೆ ಎತ್ತಿಕೊಂಡು ನೇರ ಪಶುವೈದ್ಯರ ಬಳಿ ಹೋಗಿ. ಮನುಷ್ಯರಿಗೆ ಕೊಡುವ ಬಹುವಿಷ ಪ್ರತಿವಿಷವನ್ನೇ ನಾಯಿಗೂ ಕೊಡುತ್ತಾರೆ. ಅದು ಅಲ್ಲಿ ಇದೆಯೇ ಎಂದು ಹೊರಡುವಾಗಲೇ ಫೋನ್ ಮಾಡಿ ಕೇಳಿಕೊಂಡರೆ ಹೊತ್ತು ಉಳಿಯುತ್ತದೆ.

ಮಳೆಗಾಲದಲ್ಲಿ ಹೊಲಕ್ಕೆ ಹೋಗಿ ಬಂದಾಗ ಪಾದ ತಿರುಗಿಸಿ ನೋಡಿ. ಎರಿ ಮಣ್ಣು ಬೆರಳುಗಳ ಸಂದಿಯ ಕೂದಲಿಗೆ ಅಂಟಿ, ಒಣಗಿ, ಗೋಲಿಯಷ್ಟು ಗಟ್ಟಿ ಉಂಡೆಯಾಗುತ್ತದೆ. ನಾಯಿ ಕುಂಟುವುದು ಕಂಡು ಮುಳ್ಳು ಚುಚ್ಚಿದೆ ಎಂದುಕೊಳ್ಳುವವರೇ ಹೆಚ್ಚು. ಕಿತ್ತರೆ ಕೂದಲ ಜೊತೆ ಚರ್ಮವೂ ಬರುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಪಾದ ಅದ್ದಿ, ಬೆರಳಿನಿಂದ ಮೆಲ್ಲಗೆ ಹಿಸುಕಿ ಕರಗಿಸಿ, ಸಂದಿಗಳನ್ನು ಪೂರ್ತಿ ಒರೆಸಿ.

ಪ್ರಶ್ನೆ: ನಮ್ಮದು ಎರಡು ವರ್ಷದ ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರ್. ಬೇಸಿಗೆಗೆ ಮೈಯೆಲ್ಲ ಬೋಳಿಸಿದರೆ ತಂಪಾದೀತೆ? ಹೊಟ್ಟೆ, ಕಂಕುಳು ಸದಾ ಕೆರೆದುಕೊಳ್ಳುತ್ತದೆ. — ಓದುಗರು, ಕಲಬುರಗಿ

ಬೋಳಿಸಬೇಡಿ. ಸ್ಕಾಟ್ಲೆಂಡಿನ ಚಳಿಗೆ ಒಗ್ಗಿದ ತಳಿ ಇದು. ಮೇಲೊಂದು ಒರಟು ಕೂದಲು, ಒಳಗೊಂದು ಮೆತ್ತನೆಯ ದಟ್ಟ ಕೂದಲು. ಮಷಿನ್ ಹಾಕಿದರೆ ಸತ್ತ ಕೂದಲಿನ ಬುಡ ಚರ್ಮದಲ್ಲೇ ಉಳಿದು ಮೇಲಿನದಷ್ಟೇ ತುಂಡಾಗುತ್ತದೆ. ಮತ್ತೆ ಬರುವ ಕೂದಲು ಹತ್ತಿಯಂತೆ ಮೆತ್ತಗಿರುತ್ತದೆ, ಧೂಳು ಹಿಡಿಯುತ್ತದೆ, ಬೇಗ ಗಂಟಾಗುತ್ತದೆ. ಬೋಳು ಚರ್ಮಕ್ಕೆ ನಮ್ಮ ಏಪ್ರಿಲ್ ಬಿಸಿಲು ನೇರ ಬಡಿಯುತ್ತದೆ. ಒರಟು ಕೂದಲಿನ ಟೆರಿಯರ್‌ಗಳಿಗೆಲ್ಲ ಸರಿಯಾದ ದಾರಿ ಕೈಯಿಂದ ಕೂದಲು ಕೀಳುವುದು. ಹೋಳಿ ಹೊತ್ತಿಗೊಮ್ಮೆ, ದಸರಾ ಹೊತ್ತಿಗೊಮ್ಮೆ, ವರ್ಷಕ್ಕೆರಡು ಸಲ ಸಾಕು.

ಕೀಳುವ ಮುಂಚೆ ಸ್ನಾನ ಮಾಡಿಸಬೇಡಿ, ತೊಳೆದ ಕೂದಲು ಬೆರಳಿಗೆ ಜಾರುತ್ತದೆ. ಬಾಚಿ, ಬೆರಳಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಳ್ಳಿ. ಒಂದು ಕೈಯಿಂದ ಚರ್ಮ ಬಿಗಿಹಿಡಿದು, ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳಲ್ಲಿ ಐದಾರು ಉದ್ದ ಕೂದಲನ್ನು ತುದಿಯ ಹತ್ತಿರ ಹಿಡಿದು, ಅದು ಬೆಳೆದ ದಿಕ್ಕಿಗೇ ಎಳೆಯಿರಿ. ಮಾಗಿದ ಕೂದಲು ಸಲೀಸಾಗಿ ಬರುತ್ತದೆ, ನಾಯಿ ಮಿಸುಕುವುದೂ ಇಲ್ಲ. ನಾಯಿ ನೋವಿಗೆ ಚೀರಿದರೆ ಕೂದಲು ಇನ್ನೂ ಮಾಗಿಲ್ಲ, ಎರಡು ವಾರ ಬಿಟ್ಟು ನೋಡಿ. ದಿನಕ್ಕೆ ಇಪ್ಪತ್ತು ನಿಮಿಷದಂತೆ ಬೆನ್ನು, ಪಕ್ಕೆ, ಕುತ್ತಿಗೆ ಎಂದು ಹಂಚಿಕೊಳ್ಳಿ. ಹೊಟ್ಟೆಯಡಿ, ತೊಡೆಸಂದಿಯಲ್ಲಿ ಚರ್ಮ ತೆಳು, ಅಲ್ಲಿ ಕತ್ತರಿಯೇ ಲೇಸು. ಹಿಂದೆ ಮಷಿನ್ ಹಾಕಿಸಿದ್ದರೆ ಮೊದಲ ಸಲ ಕೀಳುವುದು ಕಷ್ಟ, ಕೂದಲು ಸರಿಹೋಗಲು ಎರಡು ಮೂರು ಸುತ್ತು ಬೇಕು.

ಕೆರೆತದ ಮಾತಿಗೆ ಬಂದರೆ, ವೆಸ್ಟಿಗಳಲ್ಲಿ ಚರ್ಮದ ಅಲರ್ಜಿ ವಂಶದಲ್ಲೇ ಇದೆ. ಕಂಕುಳು, ಹೊಟ್ಟೆ, ಬೆರಳಸಂದಿ, ಕಿವಿ ಎಂದು ನಿಶ್ಚಿತ ಜಾಗಗಳಲ್ಲಿ ಕೆರೆತ ಕಂಡರೆ ಅದರದೇ ಗುರುತು. ಇದು ಹತೋಟಿಗೆ ಬರುತ್ತದೆ, ಪೂರ್ತಿ ವಾಸಿಯಾಗುವುದಿಲ್ಲ. ಮೊದಲು ಉಣ್ಣಿ, ಕಜ್ಜಿಹುಳ, ಬೂಸು ಇಲ್ಲವೆಂದು ವೈದ್ಯರಿಂದ ಖಚಿತ ಮಾಡಿಸಿಕೊಳ್ಳಿ. ನಮ್ಮ ಕಡೆ ಇದಕ್ಕೆ ಬೋರ್ ನೀರು ತುಪ್ಪ ಸುರಿಯುತ್ತದೆ: ಸುಣ್ಣಕಲ್ಲಿನ ನೆಲದ ಗಡಸು ನೀರಲ್ಲಿ ಶಾಂಪೂ ಪೂರ್ತಿ ಹೋಗದೆ ಚರ್ಮದ ಮೇಲೆ ಪದರವಾಗಿ ಕೂರುತ್ತದೆ. ನಾಯಿಗೆಂದೇ ಇರುವ ಔಷಧಿ ಶಾಂಪೂ ಹಚ್ಚಿ, ಹತ್ತು ನಿಮಿಷ ಗಡಿಯಾರ ನೋಡಿ ಬಿಟ್ಟು, ತೊಳೆದು, ಕೊನೆಯ ಎರಡು ಬಕೆಟ್ ಫಿಲ್ಟರ್ ನೀರೋ ಮಳೆನೀರೋ ಹಾಕಿ. ನಾವು ಹಚ್ಚಿಕೊಳ್ಳುವ ಸಾಬೂನು ಬೇಡವೇ ಬೇಡ.

ಇನ್ನು ಬಿಸಿಲು. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಗಿಡ್ಡ ಕಾಲಿನ ನಾಯಿಯ ಹೊಟ್ಟೆಗೂ ರಸ್ತೆಗೂ ಗೇಣಿನ ಅಂತರ, ನೆಲದ ಕಾವೆಲ್ಲ ಅದಕ್ಕೇ ತಾಗುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಆರೂವರೆಯೊಳಗೆ, ರಾತ್ರಿ ಎಂಟರ ಮೇಲೆ ಅಡ್ಡಾಡಿಸಿ. ಅಂಗೈ ಹಿಂಭಾಗವನ್ನು ರಸ್ತೆಗೋ ಅಂಗಳದ ಶಹಾಬಾದ್ ಕಲ್ಲಿಗೋ ಒತ್ತಿ ಏಳು ಎಣಿಸಿ. ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ತಡೆಯಲಾಗದು. ಬಿಸಿಲಿಗೆ ಕಾಯುವ ಅದೇ ಕಲ್ಲು ಮನೆಯೊಳಗೆ ತಣ್ಣಗಿರುತ್ತದೆ, ಕೂಲರ್ ಎದುರಿನ ಬರಿ ನೆಲ ಬಿಟ್ಟುಕೊಡಿ. ನಮ್ಮ ಒಣ ಬೇಸಿಗೆಗೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆ ಶುರುವಾಗಿ ಸೆಖೆ ಹತ್ತಿದ ಮೇಲೆ ಅದನ್ನು ನಂಬಬೇಡಿ, ಬರಿ ಫ್ಯಾನ್ ಇರಲಿ. ಒದ್ದೆ ಗೋಣಿಚೀಲ ನೆಲಕ್ಕೆ ಹಾಸಿ. ನಾಯಿಯ ಮೇಲೆ ಹೊದಿಸಬೇಡಿ, ಕಾವು ಒಳಗೇ ಉಳಿಯುತ್ತದೆ.

ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಿಲ್ಲದ ಏದುಸಿರು, ಅಂಟುಜೊಲ್ಲು, ಇಟ್ಟಿಗೆಗೆಂಪಿನ ಒಸಡು, ತೂರಾಟ ಕಂಡರೆ ಥರ್ಮಾಮೀಟರಿಗೆ ಎಣ್ಣೆ ಸವರಿ ಗುದದಲ್ಲಿ ಇಟ್ಟು ನೋಡಿ. 105 ದಾಟಿದ್ದರೆ ಅದು ಉಷ್ಣಾಘಾತ. ನಲ್ಲಿಯ ತಣ್ಣೀರನ್ನು ಹೊಟ್ಟೆ, ತೊಡೆ, ಪಾದಗಳಿಗೆ ಸುರಿಯುತ್ತ ಫ್ಯಾನ್ ಹಾಕಿ. ನೀರು ಬಾಯಿಗೆ ಬಲವಂತವಾಗಿ ಹೊಯ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. 103ಕ್ಕೆ ಇಳಿದೊಡನೆ ನೀರು ನಿಲ್ಲಿಸಿ, ಇಲ್ಲದಿದ್ದರೆ ಮೈಬಿಸಿ ಇನ್ನೂ ಕೆಳಗೆ ಜಾರುತ್ತದೆ. ಎದ್ದು ಓಡಾಡಿದರೂ ಆಸ್ಪತ್ರೆಗೆ ಒಯ್ಯಲೇಬೇಕು. ಮೂತ್ರಪಿಂಡದ ಪೆಟ್ಟು, ರಕ್ತ ಹೆಪ್ಪುಗಟ್ಟದ ತೊಂದರೆ ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳಬಹುದು.

ಇನ್ನೂ ಮರಿ ತಂದಿಲ್ಲದವರಿಗೆ ನಮ್ಮ ಸಲಹೆ: ಈ ಸೀಮೆಗೆ ವೆಸ್ಟಿಗಿಂತ ನುಣುಪು ಕೂದಲಿನ ಜಾಕ್ ರಸೆಲ್ ಮೇಲು.

ಪ್ರಶ್ನೆ: ದಾಲ್ ಮಿಲ್ ಗೋದಾಮಿನಲ್ಲಿ ಇಲಿ ಕಾಟ ವಿಪರೀತ. ಟೆರಿಯರ್ ಇಲಿ ಹಿಡಿಯುತ್ತದೆ ಎನ್ನುತ್ತಾರೆ. ಇಲಿ ಪಾಷಾಣವನ್ನೂ ಇಡುತ್ತೇವೆ. ಎರಡೂ ಒಟ್ಟಿಗೆ ನಡೆಯುತ್ತದೆಯೆ? — ಓದುಗರು, ಶಹಾಪುರ

ಹಿಡಿಯುತ್ತದೆ, ಕುತ್ತಿಗೆ ಕಚ್ಚಿ, ಒಂದೆರಡು ಸಲ ಕೊಡವಿ ಬಿಸಾಕುತ್ತದೆ. ಆದರೆ ನಾಯಿ, ಪಾಷಾಣ ಎರಡೂ ಒಂದೇ ಗೋದಾಮಿನಲ್ಲಿ ಇರಕೂಡದು. ಒಂದನ್ನು ಆರಿಸಿಕೊಳ್ಳಿ.

ಇಲಿ ಪಾಷಾಣವಾಗಿ ಇಡುವ ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ನಾಯಿ ಮೊದಲ ಎರಡು ಮೂರು ದಿನ ಏನೂ ಆಗದಂತೆ ಇರುತ್ತದೆ. ಆಮೇಲೆ ಸುಸ್ತು, ಬಿಳಿಚಿದ ಒಸಡು, ಮೂಗಿನಲ್ಲಿ ರಕ್ತ, ಎದೆಯೊಳಗೆ ರಕ್ತ ತುಂಬಿ ಏದುಸಿರು. ಪಾಷಾಣ ತಿಂದ ಇಲಿಯನ್ನು ತಿಂದರೂ ಅಪಾಯವಿದೆ. ಇದಕ್ಕೆ ಮದ್ದು ವಿಟಮಿನ್ ಕೆ1, ಮೂರು ನಾಲ್ಕು ವಾರ ಬಿಡದೆ ಕೊಡಬೇಕು. ನಾಯಿ ಚುರುಕಾಯಿತೆಂದು ನಡುವೆ ನಿಲ್ಲಿಸಿದರೆ ರಕ್ತಸ್ರಾವ ಮರುಕಳಿಸುತ್ತದೆ. ಕಪ್ಪುಪುಡಿಯ ಜಿಂಕ್ ಫಾಸ್ಫೈಡ್ ಇನ್ನೂ ಕೆಟ್ಟದ್ದು. ಹೊಟ್ಟೆಯ ಆಮ್ಲ ತಾಗಿ ವಿಷಾನಿಲವಾಗುತ್ತದೆ, ತಾಸುಗಳಲ್ಲೇ ಜೀವ ಹೋಗಬಹುದು, ಅದಕ್ಕೆ ಪ್ರತಿವಿಷವೂ ಇಲ್ಲ. ತಿಂದಿದೆ ಎನಿಸಿದರೆ ಅನ್ನ ಹಾಕಬೇಡಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಹೋಗಬೇಡಿ. ಸಣ್ಣ ನಾಯಿಗೆ ಆ ಉಪ್ಪೇ ವಿಷ. ಪಾಷಾಣದ ಪ್ಯಾಕೆಟ್ ಕೈಲಿ ಹಿಡಿದು ವೈದ್ಯರ ಬಳಿ ಓಡಿ, ಯಾವ ವಿಷ ಎಂಬುದರ ಮೇಲೆಯೇ ಚಿಕಿತ್ಸೆ ನಿಂತಿದೆ.

ತೊಗರಿಗೆ ನುಸಿ ಬೀಳದಂತೆ ಗೋದಾಮಿನಲ್ಲಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯೂ ಇದೇ ಅನಿಲವನ್ನು ಬಿಡುತ್ತದೆ. ಅದು ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಉಸಿರಾಡುವ ನಾಯಿಗೆ ಮೊದಲು ತಟ್ಟುತ್ತದೆ. ಗೋದಾಮು ತೆರೆದು, ಪೂರ್ತಿ ಗಾಳಿಯಾಡಿ, ಮಾತ್ರೆಯ ಬೂದಿ ತೆಗೆಯುವ ತನಕ ನಾಯಿ ಆ ಕಡೆ ಸುಳಿಯಬಾರದು.

ಪಾಷಾಣ ಬಿಟ್ಟು ನಾಯಿಯನ್ನೇ ನೆಚ್ಚುವುದಾದರೆ ಲೆಪ್ಟೋಸ್ಪೈರೋಸಿಸ್ ಲಸಿಕೆ ತಪ್ಪಿಸಬೇಡಿ. ಇಲಿ ಮೂತ್ರದಿಂದ ಹರಡುವ ಈ ರೋಗ ನಾಯಿಯ ಯಕೃತ್ತು, ಮೂತ್ರಪಿಂಡ ಎರಡನ್ನೂ ಹಾಳುಮಾಡುತ್ತದೆ, ಮನುಷ್ಯರಿಗೂ ಹತ್ತುತ್ತದೆ. ಮೊದಲ ವರ್ಷ ಎರಡು ಡೋಸ್, ಆಮೇಲೆ ಪ್ರತಿ ವರ್ಷ ಒಂದು. ರೇಬಿಸ್ ಲಸಿಕೆ ಮೂರು ತಿಂಗಳ ವಯಸ್ಸಿಗೆ ಶುರು. ಇಲಿ ಕಚ್ಚಿದ ಗಾಯ ಮೂತಿಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಕೀವಾಗುತ್ತದೆ, ಅವತ್ತೇ ಸಾಬೂನು ನೀರಿನಿಂದ ತೊಳೆಯಿರಿ.

ಪ್ರಶ್ನೆ: ಮೂರು ಕಿಲೋದ ಯಾರ್ಕಿ ಅದ. ಹಾಲು ರೊಟ್ಟಿ ಬಿಟ್ಟು ಬೇರೆ ಮುಟ್ಟಂಗಿಲ್ಲ. ಅನ್ನಕ್ಕ ಸಾರು ಕಲಸಿ ಹಾಕಿದ್ರ ನಡೀತದೇನು? — ಓದುಗರು, ಯಾದಗಿರಿ

ನಿಮ್ಮ ಯಾರ್ಕ್‌ಶೈರ್ ಟೆರಿಯರ್‌ಗೆ ದಿನಕ್ಕೆ ಸುಮಾರು 240 ಕ್ಯಾಲೊರಿ ಸಾಕು. 60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲೇ ಹತ್ತಿರ ಹತ್ತಿರ 200 ಕ್ಯಾಲೊರಿ ಇದೆ. ಒಂದು ರೊಟ್ಟಿ, ಒಂದು ಬಟ್ಟಲು ಹಾಲು ಕುಡಿದ ನಾಯಿಗೆ ಹೊಟ್ಟೆ ತುಂಬಿತು, ಬೇಕಾದ ಪ್ರೋಟೀನ್ ಮಾತ್ರ ಸಿಗಲಿಲ್ಲ. ಬೇರೆ ಮುಟ್ಟುವುದಿಲ್ಲ ಎಂಬುದಕ್ಕೆ ಕಾರಣ ಇದೇ.

ಸಾರು ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ವಿಷವಾಗಲು ನಾಯಿಯ ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಸಾಕು. ಮೂರು ಕಿಲೋದ ನಾಯಿಗೆ ಮಧ್ಯಮ ಗಾತ್ರದ ಒಂದೇ ಗಡ್ಡೆ. ದಿನಾ ಸ್ವಲ್ಪ ಸ್ವಲ್ಪ ಹೋದರೂ ಪೆಟ್ಟು ಸೇರುತ್ತ ಹೋಗುತ್ತದೆ. ಬೆಳ್ಳುಳ್ಳಿ ಅದಕ್ಕಿಂತ ತೀಕ್ಷ್ಣ, ಹಾಗಾಗಿ ಶೇಂಗಾ ಹಿಂಡಿ, ಪುಂಡಿಪಲ್ಯ ಸವರಿದ ರೊಟ್ಟಿಯೂ ಬೇಡ. ಬೇಯಿಸಿದರೆ ವಿಷ ಹೋಗುವುದಿಲ್ಲ. ತಿಂದ ಮೂರರಿಂದ ಐದು ದಿನಕ್ಕೆ ಒಸಡು ಬಿಳಿಚಿ, ಮೂತ್ರ ಕಂದಾಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಒಂದು ಕಾಳೂ ಬೇಡ.

ಸಣ್ಣ ತಳಿಯ ಒಣ ಆಹಾರವಾದರೆ ದಿನಕ್ಕೆ 60ರಿಂದ 65 ಗ್ರಾಂ, ಎರಡು ಹೊತ್ತು ಹಂಚಿ. ಅಡುಗೆಮನೆ ತಕ್ಕಡಿಯಲ್ಲಿ ತೂಗಿಯೇ ಹಾಕಿ. ಇಷ್ಟು ಚಿಕ್ಕ ನಾಯಿಗೆ ಒಂದು ಮುಷ್ಟಿ ಹೆಚ್ಚಾದರೂ ತಿಂಗಳಲ್ಲಿ ಬೊಜ್ಜು. ಏಳು ದಿನದಲ್ಲಿ ಬದಲಾಯಿಸಿ: ಎರಡು ದಿನ ಕಾಲು ಭಾಗ ಹೊಸದು, ಎರಡು ದಿನ ಅರ್ಧ, ಎರಡು ದಿನ ಮುಕ್ಕಾಲು, ಆಮೇಲೆ ಪೂರ್ತಿ. ಹದಿನೈದು ನಿಮಿಷದಲ್ಲಿ ತಿನ್ನದಿದ್ದರೆ ತಟ್ಟೆ ಎತ್ತಿ, ಮುಂದಿನ ಹೊತ್ತಿನವರೆಗೆ ರೊಟ್ಟಿ ತೋರಿಸಬೇಡಿ. ಮನೆಯಡುಗೆಯೇ ಆಗಬೇಕೆಂದರೆ ಮೂಳೆ ತೆಗೆದ ಬೇಯಿಸಿದ ಕೋಳಿ ಅಥವಾ ಮೊಟ್ಟೆ, ಅನ್ನ, ಕುಂಬಳಕಾಯಿ ಕೊಡಬಹುದು. ಆದರೆ ಅದರಲ್ಲಿ ಕ್ಯಾಲ್ಸಿಯಂ ಸಾಲದು, ಎಷ್ಟು ಸೇರಿಸಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ.

ಹಟಕ್ಕೆ ಹಟವೆಂದು ಉಪವಾಸ ಕೆಡವುವುದು ಬೆಳೆದ ನಾಯಿಗೆ ಮಾತ್ರ. ಐದು ತಿಂಗಳೊಳಗಿನ ಯಾರ್ಕಿ ಮರಿ ಆರೇಳು ತಾಸು ತಿನ್ನದಿದ್ದರೆ ರಕ್ತದ ಸಕ್ಕರೆ ಕುಸಿದು ತೂರಾಡಿ ಬೀಳಬಹುದು. ಬೆರಳಿಗೆ ಜೇನುತುಪ್ಪ ಹಚ್ಚಿ ಒಸಡಿಗೆ ತಿಕ್ಕಿ, ಮೈ ಬೆಚ್ಚಗಿಟ್ಟು ಕೂಡಲೇ ಒಯ್ಯಿರಿ. ಮರಿಗೆ ದಿನಕ್ಕೆ ನಾಲ್ಕು ಊಟ.

ಪ್ರಶ್ನೆ: ನಾಲ್ಕು ವರ್ಷದ ಯಾರ್ಕಿ, ಬೆಲ್ಟ್ ಎಳೆದಾಗ, ಖುಷಿಯಾದಾಗ ಬಾತುಕೋಳಿ ಕೂಗಿದಂತೆ ಕೆಮ್ಮುತ್ತದೆ. ಮಕ್ಕಳ ಕೆಮ್ಮಿನ ಸಿರಪ್ ಕೊಡಬಹುದೆ? — ಓದುಗರು, ಬೀದರ್

ಬೇಡ. ಮನುಷ್ಯರ ಸಿರಪ್‌ಗಳಲ್ಲಿ ನಾಯಿಗೆ ವಿಷವಾಗುವ ಔಷಧಗಳು ಬೆರೆತಿರುತ್ತವೆ. ನೀವು ಹೇಳುವ ಕೆಮ್ಮು ಶ್ವಾಸನಾಳ ಕುಸಿತದ ಗುರುತು, ಯಾರ್ಕಿಗಳಲ್ಲಿ ಇದು ಹೆಚ್ಚು. ಶ್ವಾಸನಾಳವನ್ನು ತೆರೆದು ಹಿಡಿಯುವ ಮೃದ್ವಸ್ಥಿಯ ಬಳೆಗಳು ಸಡಿಲಾಗಿ, ಉಸಿರೆಳೆದಾಗ ನಾಳ ಚಪ್ಪಟೆಯಾಗುತ್ತದೆ. ಇವತ್ತೇ ಕುತ್ತಿಗೆ ಬೆಲ್ಟ್ ತೆಗೆದು ಎದೆಪಟ್ಟಿ ಹಾಕಿ. ಪಟ್ಟಿ ಎದೆಮೂಳೆಯ ಮೇಲೆ ಕೂರಬೇಕು, ಗಂಟಲಿಗೆ ತಾಗಬಾರದು, ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ. ಬೊಜ್ಜಿದ್ದರೆ ಇಳಿಸಿ, ಎಷ್ಟೋ ನಾಯಿಗಳಿಗೆ ಅರ್ಧ ಚಿಕಿತ್ಸೆ ಅದೇ. ಸೊಳ್ಳೆಬತ್ತಿ, ಲೋಬಾನದ ಹೊಗೆ ಅದು ಮಲಗುವ ಕೋಣೆಯಲ್ಲಿ ಬೇಡ. ಹೃದಯದ ಕಾಯಿಲೆಯಲ್ಲೂ ಹೀಗೇ ಕೆಮ್ಮು ಬರುವುದರಿಂದ ಉಸಿರೆಳೆದಾಗ ಒಂದು, ಬಿಟ್ಟಾಗ ಒಂದು ಎಕ್ಸ್‌ರೇ ತೆಗೆಸಿ ನೋಡಬೇಕು. ನಿಮ್ಮೂರಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿ ತೋರಿಸಿ. ನಾಲಗೆ ನೀಲಿಯಾದರೆ ಎತ್ತಿ ಆಡಿಸದೆ, ತಣ್ಣನೆಯ ಜಾಗದಲ್ಲಿ ಸುಮ್ಮನಿರಿಸಿ, ತಡಮಾಡದೆ ಹೊರಡಿ.

ಪ್ರಶ್ನೆ: ಎಷ್ಟು ಕಿತ್ತರೂ ಉಣ್ಣಿ ಹೋಗುತ್ತಿಲ್ಲ. ಎಮ್ಮೆಗೆ ಹಚ್ಚುವ ಔಷಧ ಹಚ್ಚಬಹುದೆ? — ಓದುಗರು, ಆಳಂದ

ಎಮ್ಮೆಯ ಔಷಧ ಬೇಡ. ಸಣ್ಣ ನಾಯಿಗೆ ಅಳತೆ ಒಂಚೂರು ತಪ್ಪಿದರೂ ನಡುಕ, ಫಿಟ್ಸ್ ಬರುತ್ತದೆ, ಮೈ ನೆಕ್ಕಿಕೊಂಡರೆ ಇನ್ನೂ ಹೆಚ್ಚು. ತೂಕ ನೋಡಿ ಕೊಡುವ ಮಾತ್ರೆಗಳಿವೆ: ಫ್ಲುರಾಲಾನರ್ ಹನ್ನೆರಡು ವಾರ, ಅಫೊಕ್ಸೊಲಾನರ್ ಒಂದು ತಿಂಗಳು ಕೆಲಸ ಮಾಡುತ್ತದೆ. ಫಿಟ್ಸ್ ಇರುವ ನಾಯಿಯಾದರೆ ವೈದ್ಯರಿಗೆ ಮೊದಲೇ ತಿಳಿಸಿ. ಹೆಣ್ಣುಣ್ಣಿ ರಕ್ತ ಕುಡಿದು ಉದುರಿ, ಕಲ್ಲುಗೋಡೆಯ ಬಿರುಕಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಹಳೆಯ ಕಲ್ಲುಮನೆಗಳಲ್ಲಿ ಸಂದಿಗಳಿಗೆ ಗಾರೆ ತುಂಬದೆ ಉಣ್ಣಿ ಮುಗಿಯುವುದಿಲ್ಲ. ಜ್ವರ, ಊಟ ಬಿಡುವುದು, ಮೂಗಿನಲ್ಲಿ ರಕ್ತ ಕಂಡರೆ ಉಣ್ಣಿಜ್ವರದ ರಕ್ತಪರೀಕ್ಷೆ ಮಾಡಿಸಿ. ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ 28 ದಿನ ಪೂರ್ತಿ ಹಾಕಿ.

ಪ್ರಶ್ನೆ: ಐದು ವರ್ಷದ ಜಾಕ್ ರಸೆಲ್‌ನ ಒಂದು ಕಣ್ಣು ನಿನ್ನೆಯಿಂದ ಕೆಂಪಗಿದೆ, ಮಬ್ಬಾಗಿದೆ. ಮನೆಯಲ್ಲಿ ಹಳೆಯ ಕಣ್ಣಿನ ಡ್ರಾಪ್ಸ್ ಇದೆ. — ಓದುಗರು, ಹುಮನಾಬಾದ್

ಡ್ರಾಪ್ಸ್ ಹಾಕಬೇಡಿ. ತೊಗರಿ ಕೊಯ್ದ ಹೊಲದ ಕೂಳೆ ಚುಚ್ಚಿ ಕಣ್ಣಿನ ಪಾರದರ್ಶಕ ಪದರ ಗಾಯವಾಗಿದ್ದರೆ, ಸ್ಟಿರಾಯ್ಡ್ ಇರುವ ಡ್ರಾಪ್ಸ್ ಕಣ್ಣನ್ನೇ ತೂತು ಮಾಡೀತು. ಇನ್ನೊಂದು ಸಾಧ್ಯತೆ ಟೆರಿಯರ್‌ಗಳಲ್ಲಿ ವಂಶದಿಂದ ಬರುವ ಮಸೂರ ಜಾರುವ ರೋಗ. ಮೂರರಿಂದ ಎಂಟು ವರ್ಷದ ನಡುವೆ ಮಸೂರ ಹಿಡಿದಿಡುವ ಎಳೆಗಳು ಹರಿದು ಅದು ಮುಂದಕ್ಕೆ ಬೀಳುತ್ತದೆ, ಕಣ್ಣೊಳಗಿನ ಒತ್ತಡ ಏರುತ್ತದೆ. ಒಂದೆರಡು ದಿನದಲ್ಲೇ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಈ ಉತ್ತರ ಅಚ್ಚಾಗುವ ತನಕ ಕಾಯಬಾರದೆಂದು ನಿಮಗೆ ಆಗಲೇ ತಿಳಿಸಿದ್ದೇವೆ. ಉಳಿದವರೂ ಕೆಂಪು, ಮಬ್ಬು, ಮುಚ್ಚಿಕೊಂಡ ಕಣ್ಣು ಕಂಡ ದಿನವೇ ಒತ್ತಡ ಅಳೆಯುವ ಸಲಕರಣೆ ಇರುವ ಕಡೆ ಒಯ್ಯಿರಿ. ಒಂದು ಕಣ್ಣಿಗೆ ಬಂದರೆ ಇನ್ನೊಂದಕ್ಕೂ ಬರುವುದುಂಟು, ಆ ಕಣ್ಣನ್ನೂ ತಪಾಸಿಸಲು ಹೇಳಿ.

ಪ್ರಶ್ನೆ: ಏಳು ತಿಂಗಳ ಯಾರ್ಕಿಗೆ ಹಾಲುಹಲ್ಲಿನ ಪಕ್ಕವೇ ಹೊಸ ಕೋರೆಹಲ್ಲು ಬಂದಿದೆ. ತಾನೇ ಬೀಳುತ್ತದೆಯೆ? — ಓದುಗರು, ಸುರಪುರ

ಏಳು ತಿಂಗಳಿಗೂ ಬೀಳದಿದ್ದರೆ ಬೀಳುವುದು ಅನುಮಾನ. ಎರಡು ಹಲ್ಲಿನ ನಡುವೆ ಆಹಾರ ಸಿಕ್ಕಿ ಒಸಡು ಕೊಳೆಯುತ್ತದೆ, ಹೊಸ ಹಲ್ಲೂ ವಾರೆಯಾಗುತ್ತದೆ. ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸುವುದಿದ್ದರೆ ಅದೇ ಅರಿವಳಿಕೆಯಲ್ಲಿ ಕೀಳಿಸಿಬಿಡಿ. ಮನೆಯಲ್ಲಿ ಇಕ್ಕಳ ಹಾಕಬೇಡಿ, ಹಾಲುಹಲ್ಲಿನ ಬೇರು ಉದ್ದ, ತೆಳು; ಮುರಿದು ಒಳಗೇ ಉಳಿಯುತ್ತದೆ.